ನಮ್ಮ ಹೊಲದಲ್ಲಿ ಒಂಬತ್ತು ರಾತ್ರಿ

ಈಗಲೂ ನಸುಕಿನಲ್ಲಿ ಕುರಿಯ ಮೈವಾಸನೆ ಬಂದರೆ ನನಗೆ ಆ ವರ್ಷ ನೆನಪಾಗುತ್ತದೆ. ಕೊರೊನಾದ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ವಾಸಿಯಾದವರ ಮನೆಮನೆಗೆ ಹೋಗಿ ಆಂಧ್ರ ಸರ್ಕಾರದ ತೆಲುಗು ಫಾರ್ಮು ತುಂಬಿಸುವ ಕೆಲಸ ನನ್ನದು. ಎಷ್ಟು ತಾಸು ನಿದ್ದೆ, ಎಷ್ಟು ಸಲ ಎಚ್ಚರ, ಅದೇ ಪ್ರಶ್ನೆಗಳು. ನನಗೂ ಆ ಜ್ವರ ಬಂದುಹೋಗಿತ್ತು, ನನಗೂ ನಿದ್ದೆ ಇರಲಿಲ್ಲ. ಈ ಸೌಭಾಗ್ಯಳನ್ನು ಕೇಳುವವರು ಯಾರು?

ಗಡಿಯ ಭೈರವಾನಿತಿಪ್ಪದ ಹತ್ತಿರದ ನಮ್ಮೂರಿನಲ್ಲಿ ಕುರಿ ಕಾಯುವ ಓಬಣ್ಣ ಮಾತ್ರ ನೆಟ್ಟಗೆ ಉತ್ತರ ಕೊಡಲಿಲ್ಲ.

"ನಿದ್ದಿ ಬರ್ತೈತೇನ್ರಿ?"

"ಬರ್ತೈತ್ರಿ. ನಾನೇ ಒಳಗ ಬಿಟ್ಕೊಳ್ಳಂಗಿಲ್ಲ."

"ಯಾಕ?"

ಅವನು ನೆಲ ನೋಡಿದ. "ಆಸ್ಪತ್ರಿಯಾಗ ಪಕ್ಕದ ಮಂಚದಾತ ನನ್ ಕೂಡ ಮಾತಾಡ್ತಾ ಮಲಗಿದ. ಮುಂಜಾನಿ ಏಳಲಿಲ್ಲ."

ನನ್ನ ಬಾಯಿಗೆ ಮೊದಲೇ ಬೀಗವಿಲ್ಲ. "ನೀವು ಮಲಗ್ರಿ, ನಾ ಬಂದು ಎಬ್ಬಿಸ್ತೀನಿ" ಎಂದುಬಿಟ್ಟೆ. ಅಂದ ಮೇಲೆ ಕಿವಿ ಬಿಸಿಯಾಯಿತು. ಅವನು ತಲೆ ಎತ್ತಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡಿದ. ಕಣ್ಣು ಕೆಂಪಗಿದ್ದವು, ಆದರೂ ನಗುತ್ತಿದ್ದವು.

ಮರುದಿನವೇ ಅಪ್ಪನ ಬಳಿ ಬಂದು, ನಿಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತೇನೆ ಎಂದ. ಹೊಲ ಮನೆಯ ಹಿಂದೆಯೇ. ಕುರಿಹಿಕ್ಕೆಯ ಗೊಬ್ಬರಕ್ಕೆ ಮೂರು ರಾತ್ರಿ ಸಾಕು, ಅದಕ್ಕೆ ಕೂಲಿಯಾಗಿ ಕಾಳು ಕೊಡುವುದು ವಾಡಿಕೆ. ದಿನಾ ನಸುಕಿಗೆ ನಾನು ಬೇಲಿಯಾಚೆ ನಿಂತು, "ಓಬಣ್ಣಾ, ಬೆಳಕಾತು" ಅನ್ನುತ್ತಿದ್ದೆ. ಅವನು ಕಂಬಳಿ ಸರಿಸಿ ಎದ್ದು ಕೂತು, "ಅದೀನ್ರಿ" ಅನ್ನುತ್ತಿದ್ದ. ಇದ್ದೇನೆ ಎನ್ನುವ ಆ ಒಂದು ಮಾತು ಕೇಳದಿದ್ದರೆ ನನಗೆ ಚಹಾ ಸೇರುತ್ತಿರಲಿಲ್ಲ.

ಮೂರು ಐದಾಯಿತು, ಎಂಟಾಯಿತು. "ಈ ಹುಡುಗ ಕಾಳೂ ಕೇಳವಲ್ಲ, ಕುರೀನೂ ಹೊಡಕೊಂಡು ಹೋಗವಲ್ಲ" ಎಂದು ಅಪ್ಪ ಮೀಸೆಯಡಿ ನಕ್ಕ.

ಒಂಬತ್ತನೆಯ ರಾತ್ರಿ ಕಳೆದ ಬೆಳಗ್ಗೆ ನನಗೇ ಎಚ್ಚರವಾಗಲಿಲ್ಲ. ತಿಂಗಳುಗಟ್ಟಲೆ ಬಾರದ ನಿದ್ದೆಯೆಲ್ಲ ಒಮ್ಮೆಲೇ ಬಂದಿತ್ತು. ಬಿಸಿಲು ಮುಖಕ್ಕೆ ಹೊಡೆದಾಗ ಗಾಬರಿಯಿಂದ ಓಡಿ ಹಿತ್ತಲ ಬಾಗಿಲು ತೆಗೆದರೆ, ಓಬಣ್ಣ ಅಲ್ಲೇ ನಿಂತಿದ್ದ. ಮಂದೆ ಬಿಟ್ಟು ಬಂದಿದ್ದ.

"ತಪ್ಪಾತ್ರಿ, ನಿದ್ದಿ ಹತ್ತಿಬಿಡ್ತು. ಹೆದರಿದ್ರೇನು?"

"ನನ್ ಸಲುವಾಗಿ ಅಲ್ರಿ. ನಿಮಗೂ ಅದೇ ಜ್ವರ ಬಂದಿತ್ತಲ್ಲ. ನೀವು ಎದ್ರೋ ಇಲ್ಲೋ ಅಂತ... ಬಾಗಿಲು ಬಡಿಯಾಕ ಧೈರ್ಯ ಬರಲಿಲ್ಲ." ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. "ನಾಳಿಂದ ನೀವು ಏಳೋದನ್ನ ನಾನೇ ನೋಡ್ಬೇಕ್ರಿ. ದಿನಾ."

ಇವನಿಲ್ಲದೆ ನನಗಾಗುವುದಿಲ್ಲ ಎಂದು ಆಗಲೇ ಗೊತ್ತಾದದ್ದು.

"ಅಪ್ಪ ಒಳಗ ಅದಾನ" ಎಂದೆ. "ಈಗ್ಲೇ ಕೇಳ್ರಿ."