ಹೆಸರು ನುಂಗುವ ಮ್ಯಾಕ್ರೋ

“ನಿಮ್ಮ ಮ್ಯಾಕ್ರೋ ಜನರನ್ನೇ ನುಂಗ್ತಾ ಇದೆ ಮೇಡಂ.”

ಅಚ್ಚುಮನೆಗೆ ಹೊಸದಾಗಿ ಸೇರಿದ್ದ ಕರಡು ತಿದ್ದುವವನು ಇಷ್ಟು ಹೇಳಿ, ಪುಟ ಜೋಡಿಸುವ ಹುಡುಗಿಯ ಮೇಜಿನ ಮೇಲೆ ಹಾಳೆಗಳನ್ನಿಟ್ಟ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅದು ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ಪುಸ್ತಕ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಭಾಷೆಯಲ್ಲಿ ಆ ಮ್ಯಾಕ್ರೋ, ಅಂದರೆ ತಾನಾಗಿಯೇ ಕೆಲಸ ಮುಗಿಸುವ ಆಜ್ಞೆಗಳ ಪುಟ್ಟ ಕಟ್ಟು, ಬರೆದವಳು ಅವಳೇ. ಪಟ್ಟಿಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು... ಅಲ್ಪವಿರಾಮ ಸಿಕ್ಕಲ್ಲಿ ಕತ್ತರಿಸಿ, ಹಿಂದುಮುಂದು ಮಾಡುವುದಷ್ಟೇ ಅದರ ಕೆಲಸ. ಈಗ ನೋಡಿದರೆ ಒಬ್ಬರ ಹೆಸರು ಇನ್ನೊಬ್ಬರ ಹೆಸರಿನೊಳಗೆ ಹೊಕ್ಕು ಕುಳಿತಿದೆ!

“ಸಂಜೆಯೊಳಗೆ ಸರಿಹೋಗ್ಬೇಕು,” ಎಂದರು ಯಜಮಾನರಾದ ಅವಳ ಸೋದರಮಾವ. “ಇಲ್ದಿದ್ರೆ ನಿನ್ನ ಮ್ಯಾಕ್ರೋ ಸಹವಾಸ ಸಾಕಮ್ಮ. ಇನ್ಮೇಲೆ ಎಲ್ಲಾ ಕೈಯಲ್ಲೇ ಜೋಡಿಸೋಣ.”

ಇಷ್ಟು ದಿನದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?

ಹುಡುಕಿದಳು... ಸಿಕ್ಕಿತು! ಮನೆತನದ ಹೆಸರಿಲ್ಲದೆ ಒಂದೇ ಹೆಸರಿರುವವರ ಹೆಸರಿನ ಕೊನೆಗೆ, ಮ್ಯಾಕ್ರೋ ಅಲ್ಲಿ ನಿಲ್ಲಲೆಂದು ಅವಳು ಇಟ್ಟಿದ್ದ ಅಲ್ಪವಿರಾಮಗಳೇ ಇಲ್ಲ. ನಿಲ್ಲುವ ಗುರುತು ಸಿಗದೆ ಅದು ಮುಂದಿನ ಹೆಸರಿಗೂ ಬಾಯಿ ಹಾಕಿತ್ತು.

“ಇದನ್ನ ತೆಗೆದಿದ್ಯಾರು?”

“ನಾನೇ...” ಅವನ ಮುಖ ಬಾಡಿತು. “ಒಂಟಿ ಹೆಸರಿನ ಪಕ್ಕ ಅದ್ಯಾಕೆ, ತಪ್ಪು ಅಂತ ಅಳಿಸಿಬಿಟ್ಟೆ.”

“ನನ್ನ ಕೆಲಸಕ್ಕೆ ಕಲ್ಲು ಹಾಕೋಕೇ ಬಂದ್ರಾ?”

ಅವನು ನೇರವಾಗಿ ಮಾವನ ಕೋಣೆಗೆ ನಡೆದ. ‘ಹೋದ, ಚಾಡಿ ಹೇಳೋಕೆ!’ ಎಂದುಕೊಂಡಳು. ತೆರೆದ ಬಾಗಿಲಿನಿಂದ ಮಾತು ಕೇಳಿಸಿತು.

“ತಪ್ಪು ನನ್ನದು ಸರ್. ಕಳಿಸೋದಾದ್ರೆ ನನ್ನನ್ನ ಕಳಿಸಿ. ಅವರ ಮ್ಯಾಕ್ರೋ ಇರ್ಲಿ.”

ಅವಳು ನಾಲಿಗೆ ಕಚ್ಚಿಕೊಂಡಳು. ಛೆ, ಎಂಥ ಮಾತಾಡಿಬಿಟ್ಟೆ!

ಅಳಿಸಿದ್ದನ್ನು ಮತ್ತೆ ಹಾಕಿದರೆ ಸಾಲದು, ನಾಳೆ ಇನ್ನೊಬ್ಬರು ಅಳಿಸುತ್ತಾರೆ. ಪ್ರತಿ ಹೆಸರಿನ ಕೊನೆಗೆ ಮ್ಯಾಕ್ರೋ ತಾನೇ ಒಂದು ಅಲ್ಪವಿರಾಮ ಅಂಟಿಸಿಕೊಳ್ಳಲಿ, ಹೆಚ್ಚಾದರೆ ತಾನೇ ಎಸೆಯಲಿ. ಬರೆದಳು. ಗುಂಡಿ ಒತ್ತಿದಳು.

ಹೆಸರುಗಳೆಲ್ಲ ಸಾಲಾಗಿ, ಬೇರೆ ಬೇರೆಯಾಗಿ ನಿಂತವು!

ಪುಟಗಳನ್ನು ಹಿಡಿದು ಓಡಿದಳು. “ಮಾವ, ಸರಿಹೋಯ್ತು. ಮ್ಯಾಕ್ರೋನೂ ಇರುತ್ತೆ, ಇವರೂ ಇರ್ತಾರೆ.”

ಮಾವ ಪುಟ ತಿರುವಿದರು. ಇಬ್ಬರ ಮುಖವನ್ನೂ ನೋಡಿ, ಮೀಸೆಯಡಿ ನಗುತ್ತ ಅಚ್ಚಿನ ಯಂತ್ರದ ಕಡೆಗೆ ಹೊರಟರು.

“ನನ್ನನ್ನ ಯಾಕೆ ಉಳಿಸಿಕೊಂಡ್ರಿ?” ಅವನು ಮೆಲ್ಲಗೆ ಕೇಳಿದ.

“ನನ್ನ ಮ್ಯಾಕ್ರೋ ಉಳಿಸೋಕೆ ನಿಮ್ಮ ಕೆಲಸಾನೇ ಬಿಡೋಕೆ ಹೊರಟ್ರಲ್ಲ. ನೀವಿಲ್ಲದ ಅಚ್ಚುಮನೆ ನೆನೆಸ್ಕೊಂಡೆ... ಬೇಡ ಅನ್ನಿಸ್ತು. ನೀವಂದ್ರೆ ನಂಗಿಷ್ಟ.”

ಅವನು ತಲೆ ತಗ್ಗಿಸಿದ. “ನಿಮ್ಮ ಮೇಜಿನ ಹತ್ರ ಬರೋಕೆ ಒಂದು ನೆಪ ಬೇಕಿತ್ತು. ಸೇರಿದ ದಿನದಿಂದ ನಿಮ್ಮ ಪುಟಗಳಲ್ಲಿ ತಪ್ಪು ಹುಡುಕ್ತಿದ್ದೆ. ಒಂದೂ ಸಿಗ್ಲಿಲ್ಲ. ಕೊನೆಗೆ ಒಂದು ಸಿಕ್ತು ಅಂತ ತಂದ್ರೆ, ಅದೂ ನಾನೇ ಮಾಡಿದ್ದು.”

ಅವಳು ಪಕ್ಕದ ಕುರ್ಚಿಯನ್ನು ತನ್ನ ಮೇಜಿನ ಬಳಿಗೆ ಎಳೆದಳು.

“ಇನ್ಮೇಲೆ ಸುಮ್ನೆ ಬನ್ನಿ.”