ಛತ್ರಕ್ಕೆ ಬಾಗಿಲು ಬರುವ ಮೊದಲು

"ಇದೇನೇ ಹೊನ್ನಿ, ಗೋಡೆಗೆಲ್ಲ ಸಿಡುಬು ಬಂದೈತೆ?"

ಗೌರೀಶಂಕರ ಹಾಗಂದದ್ದೇ ತಡ, ಇಡೀ ನಾಲ್ಕನೇ ಕ್ಲಾಸು ಮೊರದ ಸುತ್ತ ಮುತ್ತಿಕೊಂಡಿತು. ಮೊರದಲ್ಲಿ ಕೂತಿದ್ದದ್ದು ಹೊಳೆನರಸೀಪುರದ ಪೇಟೆ ಛತ್ರ, ಗೇಣುದ್ದದ್ದು. ಕೆರೆಯ ಜೇಡಿಮಣ್ಣನ್ನು ಹೊನ್ನಿ ಬೆಂಕಿಪೊಟ್ಟಣಕ್ಕೆ ಮೆತ್ತಿ, ಕವುಚಿ, ದಾರದಿಂದ ನಾಲ್ಕು ತುಂಡು ಮಾಡಿ, ಒಲೆಯಲ್ಲಿ ಸುಟ್ಟು, ಮುನ್ನೂರ ಹನ್ನೆರಡು ಇಟ್ಟಿಗೆ ಜೋಡಿಸಿದ್ದಳು. ಗೋಡೆ ತುಂಬ ಸಾಲುಸಾಲು ತೂತು. ಬಾಗಿಲ ಜಾಗ ಖಾಲಿ, ಬಾಗಿಲೇ ಇರಲಿಲ್ಲ.

ಗೌರೀಶಂಕರ ಮರದ ಇಟ್ಟಿಗೆಗಳಿಂದ ರೈಲ್ವೆ ಸ್ಟೇಷನ್ ಕಟ್ಟಿದ್ದ. ಆ ಇಟ್ಟಿಗೆಗಳು ಮೈಸೂರಿಂದ ಪೆಟ್ಟಿಗೆಯಲ್ಲಿ ಬಂದವು. ಪೆಟ್ಟಿಗೆಯ ಮೇಲೇ ಚಿತ್ರವಿತ್ತು, ನೋಡಿಕೊಂಡು ಜೋಡಿಸಿದರಾಯಿತು. ಹೊನ್ನಿಗೆ ಚಿತ್ರವೆಂದರೆ ಅಜ್ಜಿ ಹೇಳಿದ ಮಾತು. ಹೊನ್ನಿ ಛತ್ರದ ಒಳಗೆ ಹೋದವಳಲ್ಲ. ಅವಳ ಕೇರಿಯ ಯಾರೂ ಹೋಗುವಂತಿರಲಿಲ್ಲ.

ಪಂಚಾಕ್ಷರಯ್ಯ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

"ಬಾಗಿಲೆಲ್ಲಮ್ಮ?"

"ಬಾಗ್ಲಿರ್ಲಿಲ್ವಂತೆ ಸಾ."

"ಯಾರು ಹೇಳಿದ್ದು?"

"ನಮ್ಮಜ್ಜಿ ಸಾ. ಛತ್ರ ಕಟ್ಟಿದ್ದೇ ನಮ್ಮಜ್ಜಿ."

"ಆಹಾ! ಅದನ್ನ ಕಟ್ಟಿಸಿದ್ದು ನಮ್ಮ ತಾತ. ಕಲ್ಲಲ್ಲಿ ಹೆಸರೈತೆ," ಅಂದ ಗೌರೀಶಂಕರ. "ಹಲಸಿನ ಬಾಗ್ಲು, ಹಿತ್ತಾಳೆ ಹೂವು. ಒಳಗೆ ತೊಟ್ಟಿ, ಹನ್ನೆರಡು ಕಂಬ. ನಾನು ಅಲ್ಲೇ ಹೋಳಿಗೆ ತಿಂದಿದೀನಿ ಸಾ!"

ಹೋಳಿಗೆ ಅನ್ನುತ್ತಲೇ ಹೊನ್ನಿ ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ನೋಡಮ್ಮ," ಅಂದರು ಮೇಷ್ಟ್ರು. "ಸೋಮವಾರ ನೀವೆಲ್ಲ ಕಟ್ಟಿದ್ದನ್ನ ನೋಡೋಕೆ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ಬರ್ತಾರೆ. ಛತ್ರ ಹೇಗಿದೆಯೋ ಇದೂ ಹಾಗೇ ಇದ್ದರೆ ಮಹಾರಾಜರ ಪಟದ ಕೆಳಗೆ, ಮೇಜಿನ ಮೇಲೆ ಇಡ್ತೀನಿ. ಇಲ್ಲದಿದ್ರೆ ಇಲ್ಲ."

ಆ ಮೇಜಿನ ಮೇಲೆ ತನ್ನದೊಂದು ಇರಬೇಕೆಂದೇ ಹೊನ್ನಿ ಹದಿನೈದು ದಿನ ಒಲೆಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

ಮನೆಗೆ ಹೋಗುವಾಗ ರಸ್ತೆಯ ಈಚೆ ನಿಂತು ಛತ್ರವನ್ನು ನೋಡಿದಳು. ಗೋಡೆ ಹಾಲಿನ ಕೆನೆಯಷ್ಟು ನುಣುಪು. ಒಂದು ತೂತೂ ಇಲ್ಲ. ಹಲಸಿನ ಬಾಗಿಲು, ಹಿತ್ತಾಳೆ ಹೂವು, ಎಲ್ಲ ಗೌರೀಶಂಕರ ಹೇಳಿದ ಹಾಗೆಯೇ. ಹಾಗಾದರೆ ಅಜ್ಜಿ ಹೇಳಿದ್ದು?

ಅಜ್ಜಿ ಮುದ್ದಮ್ಮ ಜಗಲಿಯ ಮೇಲೆ ಅಡಿಕೆ ಕುಟ್ಟುತ್ತಿದ್ದಳು.

"ಅಜ್ಜೀ, ನೀ ಸುಳ್ಳು ಹೇಳ್ದೆ. ಅಲ್ಲಿ ತೂತೇ ಇಲ್ಲ!"

"ಇಲ್ದೆ ಏನು? ತೂತಿಲ್ದೆ ಸಾರ್ವೆ ಎಲ್ಲಿ ನಿಂತಾತು? ಗ್ವಾಡೆ ಮೇಲಕ್ಕೋದಂಗೆಲ್ಲ ತೂತ್ ಬಿಡೋದು, ಬೊಂಬು ತೂರ್ಸೋದು, ಅದ್ರ ಮ್ಯಾಲೆ ಅಲಗೆ. ಆ ಅಲಗೆ ಮ್ಯಾಲೆ ಇಟ್ಗೆ ಒತ್ಕೊಂಡು ಓಡಾಡಿದ್ದು ಇದೇ ಕಾಲು ಕಣವ್ವಾ. ಆಮ್ಯಾಕೆ ಮುಚ್ಚಿ ಗಾರೆ ಬಳ್ದವ್ರೆ."

"ಬಾಗ್ಲು?"

"ಬಾಗ್ಲೆಲ್ಲಿತ್ತು ಆಗ? ಮದ್ಯಾನ ತೊಟ್ಟಿ ನೆಳ್ಳಾಗೆ ಮುದ್ದೆ ಉಂಡು ಅಲ್ಲೇ ಮಲಗ್ತಿದ್ವಿ. ನಿಮ್ಮಪ್ಪ ಆಗ ಮೂರ್ ತಿಂಗ್ಳ ಕೂಸು. ಮೂಲೆ ಎಲ್ಡ್ ಕಂಬಕ್ಕೆ ಸೀರೆ ಜೋಲಿ ಕಟ್ಟಿ ಅವನ್ನ ಮಲಗ್ಸಿದ್ದೆ. ಯಂಗ್ ನಿದ್ದೆ ಮಾಡೋನು ಅಂತೀಯ!"

"ಆಮೇಲೆ?"

"ಆಮೇಲೇನು? ಬಾಗ್ಲು ಬಂತು."

ಅಜ್ಜಿ ಮತ್ತೆ ಅಡಿಕೆ ಕುಟ್ಟತೊಡಗಿದಳು. ಹೊನ್ನಿಗೆ ತಲೆಬುಡ ತಿಳಿಯಲಿಲ್ಲ. ಮಲಗೆದ್ದ ಜಾಗಕ್ಕೆ ಬಾಗಿಲು ಬಂದರೆ, ಬಾಗಿಲು ತೆಗೆದು ಹೋಗಬೇಕಪ್ಪ. ಅದರಲ್ಲೇನಿದೆ ಕಷ್ಟ? ಕೇಳೋಣವೆಂದರೆ ಅಜ್ಜಿಯ ಬಾಯಿ ತುಂಬ ಎಲೆಯಡಿಕೆ.

ಭಾನುವಾರ ತೂತು ಮುಚ್ಚಲು ಮಣ್ಣು ಕಲಸಿಟ್ಟವಳು, ಯಾಕೋ ಎದ್ದು ಛತ್ರದ ಹಿಂದಿನ ಓಣಿಗೆ ಹೋದಳು. ಆ ಗೋಡೆಯೂ ನುಣುಪೇ. ವಾಪಸು ತಿರುಗಬೇಕು, ಆಗ ಒಂದು ಗುಬ್ಬಿ ಬಾಯಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಸೂರಿನ ಕೆಳಕ್ಕೆ ಹಾರಿತು, ನೇರ ಗೋಡೆಯೊಳಕ್ಕೆ ಹೋಗಿಬಿಟ್ಟಿತು.

ಅಲ್ಲೊಂದು ತೂತಿತ್ತು. ಗಾರೆಯವನು ಮರೆತದ್ದು, ಬೊಂಬು ತೂರಿಸುವಷ್ಟು ಅಗಲದ್ದು.

ಗುಬ್ಬಿ ಹೊರಗೆ ಬಂತು, ಒಳಗೆ ಹೋಯಿತು. ಅದನ್ನು ಯಾರೂ ಏನೂ ಕೇಳಲಿಲ್ಲ. ಹೊನ್ನಿ ಕತ್ತು ನೋಯುವವರೆಗೂ ನೋಡುತ್ತಾ ನಿಂತಳು.

ಸೋಮವಾರ ಹೊನ್ನಿಯ ಛತ್ರಕ್ಕೆ ಬೆಂಕಿಪೊಟ್ಟಣದ ಬಾಗಿಲು ಬಂದಿತ್ತು. ತೂತೆಲ್ಲ ಮುಚ್ಚಿ, ಹಿಂದುಗಡೆ ಒಂದೇ ಒಂದು ಉಳಿದಿತ್ತು.

"ಇದೊಂದು ಮರೆತೆಯಾ?" ಅಂದರು ಮೇಷ್ಟ್ರು.

"ಇಲ್ಲ ಸಾ. ಅಲ್ಲೂ ಐತೆ. ಗುಬ್ಬಿ ಗೂಡ್ ಕಟ್ತೈತೆ. ಬೇಕಾದ್ರೆ ನೋಡ್ಬನ್ನಿ ಸಾ."

ಮೇಷ್ಟ್ರು ಗೌರೀಶಂಕರನ ಕಡೆ ನೋಡಿದರು. ಹಿಂದಿನ ಓಣಿ ಅವನಿಗೆ ಗೊತ್ತಿರಲಿಲ್ಲ. ಅವನು ಬಗ್ಗಿ ಬಾಗಿಲೊಳಗೆ ಇಣುಕಿದ.

"ಸಾ, ಒಳಗೆ ಕಂಬಕ್ಕೆ ಬಟ್ಟೆ ಕಟ್ಟವ್ಳೆ! ಛತ್ರದಲ್ಲಿ ಜೋಲಿ ಇಲ್ಲ ಸಾ."

"ಇತ್ತು," ಅಂದಳು ಹೊನ್ನಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಛತ್ರವನ್ನು ತಾವೇ ಎತ್ತಿ ಮೇಜಿನ ಮೇಲಿಟ್ಟರು. ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ನೋಡಿದ್ದಕ್ಕಿಂತ ಕಾಫಿ ಲೋಟವನ್ನೇ ಹೆಚ್ಚು ಹೊತ್ತು ನೋಡಿದರು. ಆದರೆ "ಗುಡ್" ಅಂದರು.

ಸಂಜೆ ಹೊನ್ನಿ ಮೊರವನ್ನು ಜಗಲಿಯ ಮೇಲಿಳಿಸಿದಳು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಾಗಿಲು ಕಾಣುತ್ತಲೇ ಹಿಂದೆ ಸರಿದು ಕೂತಳು.

ಹೊನ್ನಿ ಅಜ್ಜಿಯ ಮುಖ ನೋಡಿದಳು. ಬಾಗಿಲು ನೋಡಿದಳು. ಆಮೇಲೆ ಉಗುರಿನಿಂದ ಮೆಲ್ಲಗೆ ಅದನ್ನು ತೆರೆದಳು.

"ಕೈ ಇಡಜ್ಜಿ. ಏನೂ ಆಗಲ್ಲ."

ಅಜ್ಜಿ ಕಿರುಬೆರಳನ್ನು ಒಳಗೆ ತೂರಿಸಿ ಜೋಲಿಯನ್ನು ಒಂದು ಸಲ ತೂಗಿದಳು.