ಟೇಪು ಎರಡು ಸಲ ಓದುವಷ್ಟು ಹೊತ್ತು

"ಇದು ಶುದ್ಧ ಸುಳ್ಳು, ನೊರೀನ್."

ಕ್ಲೆಮ್ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದ. ನೊರೀನ್ ತಿರುಗಿ ನೋಡಲಿಲ್ಲ. ಕೆಟಲಿಗೆ ನೀರು ಹಿಡಿಯುತ್ತಾ ನಿಂತಳು. ಅದು ಆಗಲೇ ತುಂಬಿ ತುಳುಕುತ್ತಿತ್ತು.

"ಯಾವುದು ಸುಳ್ಳು?"

"ಮೂರರಲ್ಲಿ ಟೇಪಿನ ಅಸೆಂಬ್ಲರೇ ಉತ್ತಮ ಅಂತ ಬರೆದಿದೀಯಲ್ಲ, ಅದು. ತಲೆ ನೆಟ್ಟಗಿದೆಯಾ ನಿಂಗೆ?"

ನೆಟ್ಟಗಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ವಾರವಿಡೀ ಒದ್ದೆ ಹಾಸಿಗೆಬಟ್ಟೆ ಎತ್ತಿ ಎತ್ತಿ ಅವಳ ಭುಜಗಳು ಕಳಚಿ ಬೀಳುವ ಹಾಗಿದ್ದವು. ಇರುವ ಒಂದು ಭಾನುವಾರದಲ್ಲಿ ಈ ಜಗಳ ಬೇರೆ.

ಬರ್ನಿ ಊರಿನ ಹೋಮ್ ಕಂಪ್ಯೂಟರ್ ಕ್ಲಬ್ಬು ಈ ಕೆಲಸವನ್ನು ಇವರಿಬ್ಬರಿಗೆ ಒಪ್ಪಿಸಿ ಒಂಬತ್ತು ವಾರವಾಗಿತ್ತು. ಬೇಸಿಕ್ ಭಾಷೆಯಲ್ಲಿ ಬರೆದ ಆಟಗಳು ಬಸವನಹುಳುವಿನ ಹಾಗೆ ತೆವಳುತ್ತವೆ. ಓಡಬೇಕಾದರೆ ಯಂತ್ರಕ್ಕೆ ಅದರದೇ ಅಂಕಿಗಳಲ್ಲಿ ಹೇಳಬೇಕು. ನಾವು ಬರೆದದ್ದನ್ನು ಆ ಅಂಕಿಗಳಿಗೆ ತಿರುಗಿಸಿಕೊಡುವ, ಅಸೆಂಬ್ಲರ್ ಅಥವಾ ಕಂಪೈಲರ್ ಎನ್ನುವ ಪ್ರೋಗ್ರಾಮ್ ಒಂದನ್ನು ಕ್ಲಬ್ಬು ಕೊಳ್ಳಬೇಕಿತ್ತು. ಮೂರರಲ್ಲಿ ಯಾವುದು ಅಂತ ಮಂಗಳವಾರದ ಸಭೆಯಲ್ಲಿ ಇವರು ಹೇಳಬೇಕು.

ಕಂಪ್ಯೂಟರು ನೊರೀನಳದು. ಗಂಡ ಇನ್ನೊಬ್ಬಳ ಜೊತೆ ಮೆಲ್ಬರ್ನಿಗೆ ಓಡಿಹೋದಾಗ ಅರ್ಧ ಬೆಸುಗೆ ಹಾಕಿದ ಕಿಟ್ಟನ್ನು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ. ಉಳಿದದ್ದನ್ನು ಅವಳೇ ಬೆಸೆದಳು, ಬಯ್ದುಕೊಂಡು. ಸ್ವಿಚ್ ಒತ್ತಿದರೆ ಅದು ಉತ್ತರ ಕೊಟ್ಟಿತು. ಗಂಡ ಅಷ್ಟು ಮಾಡಿದ್ದು ಅವಳಿಗೆ ನೆನಪಿಲ್ಲ.

ಕ್ಯಾಸೆಟ್ ಪ್ಲೇಯರು ಕ್ಲೆಮ್‌ನದು. ಕಾಗದದ ಗಿರಣಿಯಲ್ಲಿ ರಾತ್ರಿಪಾಳಿ, ವಯಸ್ಸು ಐವತ್ತರ ಹತ್ತಿರ, ಹೆಂಡತಿ ತೀರಿಕೊಂಡು ಆರು ವರ್ಷ. ಪ್ರತಿ ಭಾನುವಾರ ಮಧ್ಯಾಹ್ನ, ಕಣ್ಣಿನ ಕೆಳಗೆ ನಿದ್ದೆ ಹೊತ್ತುಕೊಂಡೇ ಬರುತ್ತಿದ್ದ.

ಮೊದಲು ಪರೀಕ್ಷಿಸಿದ್ದು ಪಾಸ್ಕಲ್ ಕಂಪೈಲರ್. ಅದು ಮೆಮೊರಿಯಲ್ಲಿ ಕಾಲು ಚಾಚಿ ಮಲಗಿತೆಂದರೆ ಇವರ ಆಟಕ್ಕೆ ಕೂರಲೂ ಜಾಗವಿರಲಿಲ್ಲ. ಆಮೇಲೆ ಟೇಪಿನ ಅಸೆಂಬ್ಲರ್. ಅದು ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಓದಿ, ಏನೇನು ಎಲ್ಲೆಲ್ಲಿದೆ ಎಂದು ಗುರುತು ಮಾಡಿಕೊಳ್ಳುತ್ತಿತ್ತು. ರಿವೈಂಡ್ ಮಾಡಿಕೊಟ್ಟರೆ ಮತ್ತೆ ಮೊದಲಿನಿಂದ ಓದುತ್ತಿತ್ತು. ಒಟ್ಟು ನಲವತ್ತು ನಿಮಿಷ. ಎಲ್ಲಾದರೂ ತಪ್ಪಿದ್ದರೆ ಮತ್ತೆ ನಲವತ್ತು.

ಮೇಜು ಅಲುಗಿದರೂ ಓದು ಕೆಡುತ್ತದೆಂದು ಇಬ್ಬರೂ ಕೈಕಟ್ಟಿ, ದನಿ ತಗ್ಗಿಸಿ ಕೂರುತ್ತಿದ್ದರು. ದನಿ ತಗ್ಗಿದರೆ ಮಾತು ತಾನಾಗಿ ಒಳಗಿನದಾಗುತ್ತದೆ. ಗಿರಣಿಯ ಸದ್ದಿಗೆ ಕ್ಲೆಮ್‌ನ ಎಡಗಿವಿ ಮಂದ. ಅವಳ ಮಾತು ಕೇಳಲು ತಲೆ ಬಾಗಿಸುತ್ತಿದ್ದ. ಕತ್ತಿನ ಬಳಿ ಶೇವಿಂಗ್ ಸೋಪಿನ ವಾಸನೆ. ನಿದ್ದೆಗೆಟ್ಟವನು ಭಾನುವಾರ ಶೇವ್ ಮಾಡಿಕೊಂಡು ಬರುತ್ತಾನಲ್ಲ ಎಂದು ಅವಳು ಮೊದಲ ವಾರವೇ ಗಮನಿಸಿದ್ದಳು. ಅವನು ಟೇಪಿನ ಕೌಂಟರ್ ನೋಡುವನು, ಅವಳ ಬಿರಿದ ಬೆರಳುಗಳನ್ನು ನೋಡುವನು, ಸಿಕ್ಕಿಬಿದ್ದವನ ಹಾಗೆ ಮತ್ತೆ ಕೌಂಟರ್ ನೋಡುವನು. ಪ್ರೀತಿ ಹರೆಯದವರ ಸ್ವತ್ತು ಅನ್ನುವವರ ಬಾಯಿಗೆ ಮಣ್ಣು ಹಾಕಬೇಕು.

ಮೂರನೆಯದು ಶುಕ್ರವಾರದ ಅಂಚೆಯಲ್ಲಿ ಬಂತು. ಟೇಪೇ ಬೇಡ, ಸಣ್ಣ ಕಾಲುಗಳ ಕಂಪ್ಯೂಟರ್ ಚಿಪ್ಪಿನಲ್ಲೇ ಇರುವ ಅಸೆಂಬ್ಲರ್. ಇವತ್ತು ಅದನ್ನು ಸಾಕೆಟ್ಟಿಗೆ ಒತ್ತಿ ಕೀ ಅದುಮಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಊಟಕ್ಕೆಂದು ಇಟ್ಟ ಚಿಪ್ಪುಮೀನಿನ ಪೈ ಇನ್ನೂ ಒಲೆಯಲ್ಲೇ ಬೇಯುತ್ತಿತ್ತು.

"ಇಷ್ಟೇನಾ?" ಅಂದಿದ್ದಳು ನೊರೀನ್.

"ಇಷ್ಟೇ," ಅಂದು ಅವನು ಹಿತ್ತಲಿಗೆ ಕಟ್ಟಿಗೆ ಒಡೆಯಲು ಹೋಗಿದ್ದ. ಆಗಲೇ ಅವಳು ಕೂತು ಆ ಸುಳ್ಳನ್ನು ಬರೆದದ್ದು.

"ಟೇಪು ಗಟ್ಟಿ," ಅಂದಳು ಈಗ. "ಚಿಪ್ಪಿನ ಕಾಲು ಮುರಿದ್ರೆ?"

"ನೀನು ಸುತ್ತಿಗೇಲಿ ಹೊಡೆದ್ರೆ ಮುರಿಯುತ್ತೆ." ಕ್ಲೆಮ್ ಹಣೆ ಉಜ್ಜಿಕೊಂಡ. "ಮೂವತ್ತು ಜನ ನಮ್ಮ ಮಾತು ನಂಬಿದಾರೆ, ಮಾರಾಯ್ತಿ. ದುಡಿದು ಸತ್ತು ಮನೆಗೆ ಬಂದವರು, ಇರೋ ಒಂದು ಸಂಜೇನೂ ಟೇಪು ತಿರುಗೋದು ನೋಡ್ತಾ ಹಾಳು ಮಾಡ್ಕೋಬೇಕಾ?"

"ನೀನು ಹಾಳು ಮಾಡ್ಕೊಂಡೆಯಾ?"

ಮಾತು ಬಾಯಿಂದ ಜಾರಿಹೋಗಿತ್ತು. ಕ್ಲೆಮ್ ಬಲಗಿವಿ ಅವಳತ್ತ ತಿರುಗಿಸಿದ. "ಏನಂದೆ?"

"ಏನಿಲ್ಲ. ಕೊಡು ಇಲ್ಲಿ."

ಕಾಗದವನ್ನು ಹರಿದಳು. ಇನ್ನೊಂದರ ಮೇಲೆ ನಿಂತುಕೊಂಡೇ ಗೀಚಿದಳು: ಚಿಪ್ಪೇ ಉತ್ತಮ. ಕಾಯುವ ಅಗತ್ಯವಿಲ್ಲ. ಕೆಳಗೆ ಸಹಿ.

"ತಗೋ ನಿನ್ನ ಸತ್ಯ. ಪ್ಲೇಯರ್ ತಗೊಂಡು ಹೊರಡು. ಇನ್ನು ಇಲ್ಲಿ ಅದಕ್ಕೇನು ಕೆಲಸ?"

ಅವನು ವೈರು ಕಿತ್ತ. ಸುತ್ತತೊಡಗಿದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಆಮೇಲೆ ಕುರ್ಚಿಯಲ್ಲಿ ದೊಪ್ಪೆಂದು ಕೂತ.

"ಆರನೇ ವಾರ ಮೂರು ಸಲ ಎರರ್ ಬಂತಲ್ಲ, ಕತ್ತಲಾಗೋವರೆಗೂ ಕೂತಿದ್ವಿ. ನೆನಪಿದೆಯಾ?"

"ಕಾಮಾ ಬಿಟ್ಟುಹೋಗಿತ್ತು. ಅದಕ್ಕೇನೀಗ?"

"ಬಿಟ್ಟುಹೋಗಿರಲಿಲ್ಲ. ನೀನು ಹಾಲು ತರೋಕೆ ಹೋದಾಗ ನಾನೇ ಅಳಿಸಿದ್ದು." ಅವನ ಕಿವಿಯ ತುದಿ ಕೆಂಪಾಗಿತ್ತು. "ಗಿರಣಿಯವರಿಗೆ ಗೊತ್ತಾದ್ರೆ ಸಾಯೋವರೆಗೂ ಆಡ್ಕೋತಾರೆ."

ನೊರೀನ್ ಅವನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ತುಟಿಯ ಒಂದು ಕೊನೆ ಅಲುಗಿತು.

"ಮೂರೂ ನಿಂದಲ್ಲ," ಅಂದಳು. "ಕೊನೇ ಸಲ ಅಳಿಸಿದ್ದು ನಾನು."

ಅವನು ನಗಲಿಲ್ಲ. ನಕ್ಕರೆ ಎಲ್ಲಿ ಅಳು ಬರುತ್ತದೋ ಎಂಬಂತೆ ತುಟಿ ಕಚ್ಚಿಕೊಂಡ. ಅವಳು ಎದುರಿಗೆ ಕೂತಳು.

"ಸುಸ್ತಾಗಿದೆ, ಕ್ಲೆಮ್. ಇನ್ನು ನೆಪ ಹುಡುಕೋಕೆ ನಂಗೆ ತ್ರಾಣ ಇಲ್ಲ."

"ನಂಗೂ ಇಲ್ಲ."

"ಹಾಗಾದ್ರೆ ಬುಧವಾರ ಬಾ. ಈ ವಾರ ಅವತ್ತೂ ನಂಗೆ ರಜೆ."

"ಏನು ಕೆಲಸ ಅಂತ ಬರಲಿ?"

"ಯಾವ ಕೆಲಸಾನೂ ಇಲ್ಲ. ಕೆಲಸ ಸಾಕಾಗಿದೆ ನಂಗೆ. ನೀನು ಬಾ, ಅಷ್ಟೇ."

"ಬರ್ತೀನಿ," ಅಂದ. ಸುತ್ತಿದ ವೈರನ್ನು ಮೇಜಿನ ಮೇಲಿಟ್ಟು, "ಗುರುವಾರಾನೂ ಬರ್ತೀನಿ," ಅಂದ.

ಅವಳು ಪೈ ತೆಗೆದು ತಟ್ಟೆಗೆ ಹಾಕಿ ತಿರುಗುವಷ್ಟರಲ್ಲಿ ಅವನು ಕೂತ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಸಣ್ಣಗೆ ಗೊರಕೆ. ಒಂಬತ್ತು ವಾರ ಅವಳೆದುರು ಬಿಗಿಹಿಡಿದ ನಿದ್ದೆಯೆಲ್ಲ ಒಟ್ಟಿಗೆ ಬಂದ ಹಾಗಿತ್ತು. ಪಾಳಿಗೆ ಇನ್ನೂ ನಾಲ್ಕು ಗಂಟೆ. ಅವಳು ಪೈಯ ಮೇಲೆ ತಟ್ಟೆ ಮುಚ್ಚಿ, ಅಲಾರಂ ಇಟ್ಟು, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ತಾನೂ ಕಣ್ಣು ಮುಚ್ಚಿದಳು.